ಮುಖವರಿಯದ ಮೈತ್ರಿ

ನಮ್ಮ ನಾಡಿನ ಮಾತಿನಲ್ಲಿ ಸಂಬಂಧಗಳಿಗೆ ಹೆಸರುಗಳ ಕೊರತೆಯಿಲ್ಲ. ಬೀಗರು, ಬಿಜ್ಜರು, ನೆಂಟರು, ಇಷ್ಟರು, ಓಣಿಯವರು, ಓರಗೆಯವರು, ಗುರುಬಂಧುಗಳು, ಹೊಲದ ನೆರೆಯವರು ಎಂದು ಒಂದೊಂದು ನಂಟಿಗೂ ಒಂದೊಂದು ಹೆಸರನ್ನು ಹಿರಿಯರು ಇಟ್ಟುಹೋಗಿದ್ದಾರೆ. ಹೆಸರಿದ್ದಲ್ಲಿ ಕರ್ತವ್ಯವೂ ಇರುತ್ತದೆ. ಬೀಗರ ಮನೆಯಲ್ಲಿ ಸಾವಾದರೆ ಯಾರು ಹೋಗಬೇಕು, ಓಣಿಯಲ್ಲಿ ಸಾವಾದರೆ ಯಾರು ಬುತ್ತಿ ಒಯ್ಯಬೇಕು ಎಂಬುದನ್ನು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ಮನೆಗಳೊಳಗೆ ಸದ್ದಿಲ್ಲದೆ ಬಂದು ಸೇರಿಕೊಂಡಿರುವ ಒಂದು ಸಂಬಂಧಕ್ಕೆ ಇನ್ನೂ ಹೆಸರಿಲ್ಲ. ಹೆಸರಿಲ್ಲದ್ದರಿಂದ ಅದಕ್ಕೆ ಕರ್ತವ್ಯವೂ ಗೊತ್ತಾಗಿಲ್ಲ, ಕಣ್ಣೀರಿಗೆ ಹಕ್ಕೂ ಸಿಕ್ಕಿಲ್ಲ. ಮೊಬೈಲಿನ ಬಳಗವೊಂದರಲ್ಲಿ ಮಾತ್ರ ಪರಿಚಯವಾಗಿ, ಒಮ್ಮೆಯೂ ಎದುರಿಗೆ ಕಾಣದೆ, ಒಂದು ದಿನ ಇಲ್ಲವಾಗುವ ಗೆಳೆಯನ ಸಂಬಂಧವದು. ಈ ತಿಂಗಳು ಅದರ ವಿಷಯವಾಗಿ ವಾಚಕರೊಂದಿಗೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿದೆ.

2016ರ ಸುಮಾರಿಗೆ ಅಂತರಜಾಲದ ದರ ಇಳಿದು, ಹೊಲಮನೆಯ ಗುಡಿಸಲಿನವರೆಗೂ ಅದು ಹಬ್ಬಿದ್ದು ನಮಗೆಲ್ಲ ನೆನಪಿದೆ. ಅದೇ ವರ್ಷ ವಾಟ್ಸಾಪಿನ ಒಂದು ಬಳಗದಲ್ಲಿ 256 ಜನ ಸೇರಬಹುದಾಯಿತು. ಆಗ ಹುಟ್ಟಿಕೊಂಡ ಸಾವಿರಾರು ಬಳಗಗಳಲ್ಲಿ ಪಂಡಿತ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಮೆಚ್ಚುವವರ ಒಂದು ಚಿಕ್ಕ ಬಳಗವೂ ಇತ್ತು. 1910ರಲ್ಲಿ ಧಾರವಾಡದ ಹತ್ತಿರದ ಮನ್ಸೂರಿನಲ್ಲಿ ಹುಟ್ಟಿ, ಮಿರಜದ ನೀಲಕಂಠಬುವಾ ಅವರಲ್ಲಿಯೂ ಬಳಿಕ ಮಂಜೀಖಾನ್ ಮತ್ತು ಬುರ್ಜೀಖಾನ್ ಸೋದರರಲ್ಲಿಯೂ ಕಲಿತು, ಅಪರೂಪದ ರಾಗಗಳಿಗೂ ವಚನಗಾಯನಕ್ಕೂ ಹೆಸರಾಗಿ, 1992ರಲ್ಲಿ ಲಿಂಗೈಕ್ಯರಾದ ಆ ಮಹಾಗಾಯಕರ ಹಳೆಯ ಧ್ವನಿಮುದ್ರಿಕೆಗಳನ್ನು ಹುಡುಕಿ ತಂದು ಹಂಚಿಕೊಳ್ಳುವುದೇ ಈ ಬಳಗದ ಕೆಲಸ. ಅದರಲ್ಲಿ ಸಿಂದಗಿಯ ಶಿಕ್ಷಕರೊಬ್ಬರಿದ್ದರು, ಮುದ್ದೇಬಿಹಾಳದ ಗೃಹಿಣಿಯೊಬ್ಬರಿದ್ದರು, ಪುಣೆಯಲ್ಲಿ ರಾತ್ರಿಪಾಳಿಯ ಕೆಲಸ ಮಾಡುವ ಬಸವನ ಬಾಗೇವಾಡಿಯ ತರುಣನೊಬ್ಬನಿದ್ದನು. ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಿಂಬೆಯ ತೋಟ ಮಾಡಿಕೊಂಡಿದ್ದ ಹಿರಿಯರೊಬ್ಬರೂ ಇದ್ದರು. ನಾನು ನೆನೆಯುತ್ತಿರುವುದು ಅವರನ್ನು.

ಅವರು ಬಳಗದಲ್ಲಿ ತಮ್ಮ ಸ್ವಂತ ಹೆಸರನ್ನು ಬಳಸುತ್ತಿರಲಿಲ್ಲ. ತಾವು ಮೆಚ್ಚಿದ ರಾಗವೊಂದರ ಹೆಸರನ್ನೇ ಅಂಕಿತದಂತೆ ಇಟ್ಟುಕೊಂಡಿದ್ದರು. ಭಾವಚಿತ್ರದ ಜಾಗದಲ್ಲಿ ಒಂದು ನಿಂಬೆಯ ಟೊಂಗೆ. ನಸುಕಿನ ಐದು ಗಂಟೆಗೆ ಅವರ ‘ಶರಣು’ ಬರುತ್ತಿತ್ತು. ಅದರ ಬೆನ್ನಿಗೆ ಒಂದು ಹಾಡು, ಅದರ ಕೆಳಗೆ ಐದಾರು ಸಾಲಿನ ಟಿಪ್ಪಣಿ. ಈ ಮುದ್ರಿಕೆಯಲ್ಲಿ ಹಾರ್ಮೋನಿಯಂ ಯಾರದು, ಈ ರಾಗದಲ್ಲಿ ಪಂಡಿತರು ಯಾವ ಸ್ವರದ ಮೇಲೆ ನಿಲ್ಲದೆ ಜಾರಿಹೋಗುತ್ತಾರೆ, ಅದೇ ಚೀಜನ್ನು ಇನ್ನೊಂದು ಕಛೇರಿಯಲ್ಲಿ ಹೇಗೆ ಬೇರೆಯಾಗಿ ಎತ್ತಿಕೊಂಡಿದ್ದಾರೆ ಎಂಬುದನ್ನು ನಮ್ಮ ವಿಜಯಪುರದ ಆಡುಮಾತಿನಲ್ಲಿಯೇ ಬರೆಯುತ್ತಿದ್ದರು. ಸಂಗೀತವನ್ನು ಗುರುಮುಖವಾಗಿ ಕಲಿತವರಲ್ಲ, ಕಿವಿಯಿಂದ ಕಲಿತವರು. ರಾತ್ರಿ ಕರೆಂಟು ಬಂದ ಹೊತ್ತಿಗೆ ತೋಟಕ್ಕೆ ಹೋಗಿ ಪಂಪು ಚಾಲೂ ಮಾಡಿ, ಅದರ ಗುಂಯೆನ್ನುವ ಸದ್ದನ್ನೇ ತಂಬೂರಿಯ ಷಡ್ಜವೆಂದು ಹಿಡಿದು ಹಾಡು ಕೇಳುತ್ತ ಕೂಡುವುದಾಗಿ ಒಮ್ಮೆ ಬರೆದಿದ್ದರು. ಒಂದು ಮುದ್ರಿಕೆ ನಟ ಬಿಹಾಗವೋ ಅಲ್ಲವೋ ಎಂದು ಅವರಿಗೂ ನನಗೂ ಎಂಟು ದಿನ ವಾದ ನಡೆದಿತ್ತು. ಒಂಬತ್ತನೆಯ ದಿನ ಅವರು ವಾದವನ್ನು ಬಿಟ್ಟು, ನಿಮ್ಮ ಕಡೆ ಮಳೆ ಆತೇನು ಎಂದು ಕೇಳಿದರು.

ಬಳಗವೆಂದರೆ ಹಾಡು ಕಳಿಸುವುದಷ್ಟೇ ಅಲ್ಲವೆಂಬುದನ್ನು ಅವರಿಂದ ಕಂಡುಕೊಂಡೆವು. ಮುದ್ದೇಬಿಹಾಳದ ಆ ತಾಯಿ ಮದುವೆಗೆ ಮುಂಚೆ ಸಂಗೀತ ಕಲಿತು, ಮದುವೆಯ ಬಳಿಕ ಬಿಟ್ಟವರು. ಮಕ್ಕಳು ಮಲಗಿದ ಮೇಲೆ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಒಂದು ವಚನ ಹಾಡಿ ಕಳಿಸಿರೆಂದು ಈ ಹಿರಿಯರು ಒತ್ತಾಯಿಸಿದರು. ಹಾಡಿದಾಗ ಬರಿಯ ಹೊಗಳಿಕೆಯ ಮಾತು ಬರೆಯಲಿಲ್ಲ. ಎಲ್ಲಿ ಶ್ರುತಿ ತಗ್ಗಿತು, ಎಲ್ಲಿ ಮಾತು ನುಂಗಿಹೋಯಿತು ಎಂದು ನಾಲ್ಕು ಸಾಲು ಬರೆದರು. ಹೊಗಳಿದವರು ಮೂವತ್ತು ಜನರಿದ್ದರೂ ತನ್ನನ್ನು ಮತ್ತೆ ಹಾಡಲು ಹಚ್ಚಿದ್ದು ಆ ನಾಲ್ಕು ಸಾಲುಗಳೇ ಎಂದು ಆಕೆ ಮುಂದೆ ಹೇಳಿಕೊಂಡರು. ಪುಣೆಯ ತರುಣ ಕೆಲಸದ ನಡುವೆ ಊಟದ ವೇಳೆಯಲ್ಲಿ, ನಟ್ಟಿರುಳಿನಲ್ಲಿ ಏನಾದರೂ ಬರೆದರೆ, ತೋಟದಲ್ಲಿ ಎಚ್ಚರವಾಗಿದ್ದ ಈ ಒಬ್ಬರೇ ಉತ್ತರ ಕೊಡುತ್ತಿದ್ದರು. ನಮ್ಮಿಬ್ಬರ ಊರುಗಳ ನಡುವೆ ಅರ್ಧ ದಿನದ ಬಸ್ಸಿನ ದಾರಿ. ಆದರೂ ಭೇಟಿಯ ಮಾತು ಇಬ್ಬರ ಬಾಯಲ್ಲಿಯೂ ಬರಲಿಲ್ಲ. ದಿನವೂ ಭೇಟಿಯಾಗುತ್ತಿದ್ದೇವೆಂಬ ಭಾವನೆಯೇ ಇಬ್ಬರಿಗೂ ಇತ್ತು.

ಒಂದು ಚಳಿಗಾಲದಲ್ಲಿ ‘ಶರಣು’ ನಿಂತಿತು. ಬರೆದ ಸಂದೇಶದ ಪಕ್ಕದಲ್ಲಿ ಎರಡು ಗೀಟು ಬೀಳುವ ಬದಲು ಒಂದೇ ಗೀಟು ಬಿದ್ದು ನಿಂತಿತು. ಮೊಬೈಲು ಕೆಟ್ಟಿರಬೇಕೆಂದರು ಒಬ್ಬರು. ಊರಿಗೆ ಹೋಗಿರಬೇಕೆಂದರು ಇನ್ನೊಬ್ಬರು. ಯಾರಲ್ಲಿಯೂ ಅವರ ಮನೆಯ ವಿಳಾಸವಿರಲಿಲ್ಲ, ಮನೆಯವರ ಹೆಸರು ಗೊತ್ತಿರಲಿಲ್ಲ. ಸುಮಾರು ಎರಡು ತಿಂಗಳಾದ ಮೇಲೆ ಅವರ ಮಗಳು, ಬ್ಯಾಂಕಿನ ಕೆಲಸಕ್ಕೆಂದು ತಂದೆಯ ಮೊಬೈಲನ್ನು ಮತ್ತೆ ಚಾಲೂ ಮಾಡಿದಾಗ, ರಾಶಿಯಾಗಿ ಬಿದ್ದಿದ್ದ ಸಂದೇಶಗಳನ್ನು ಕಂಡು ಒಂದು ಸಾಲು ಬರೆದಳು. ಅಪ್ಪ ಹೋಗಿ ಐವತ್ತು ದಿನಗಳ ಮೇಲಾಗಿತ್ತು. ಅಂದು ರಾತ್ರಿಯೊಳಗೆ ನಲವತ್ತಕ್ಕೂ ಹೆಚ್ಚು ಜನ ತಮಗೂ ಅವರಿಗೂ ಇದ್ದ ಒಂದೊಂದು ನೆನಪನ್ನು ಬರೆದರು. ಎಲ್ಲವನ್ನೂ ಓದಿದ ಮಗಳು ಮರುದಿನ ಉತ್ತರಿಸಿದಳು: ಅಪ್ಪ ಮನೆಯಲ್ಲಿ ಮಾತು ಕಡಿಮೆ; ರಾತ್ರಿಯೆಲ್ಲ ತೋಟದಲ್ಲಿ ಒಬ್ಬನೇ ಇರುತ್ತಾನೆಂದು ನಾವು ಮರುಗುತ್ತಿದ್ದೆವು; ಒಬ್ಬನೇ ಇರಲಿಲ್ಲವೆಂದು ಇಂದು ತಿಳಿಯಿತು ಎಂದು.

ಆ ಮಾತು ಬಹು ದಿನ ನನ್ನ ಮನಸ್ಸಿನಲ್ಲಿ ಉಳಿಯಿತು. ಆದರೆ ನಮ್ಮ ಬಳಗದವರ ಮನೆಗಳಲ್ಲಿ ನಡೆದ ಮಾತುಕತೆಯೂ ಮರೆಯುವಂಥದಲ್ಲ. ಯಾರು ತೀರಿಕೊಂಡರು ಎಂದು ಮನೆಯವರು ಕೇಳುತ್ತಾರೆ. ಗೆಳೆಯರು ಎನ್ನುತ್ತೇವೆ. ಯಾವೂರು, ಯಾರ ಪೈಕಿ ಎಂದು ಕೇಳುತ್ತಾರೆ. ಅದು ಗೊತ್ತಿಲ್ಲ. ಹೇಗಿದ್ದರು ಎಂದರೆ ಅದೂ ಗೊತ್ತಿಲ್ಲ, ನೋಡಿಲ್ಲ. ಅಲ್ಲಿಗೆ ಮನೆಯವರು ಸುಮ್ಮನಾಗುತ್ತಾರೆ, ಕೆಲವರು ಮುಗುಳ್ನಗುತ್ತಾರೆ. ಮುಖ ನೋಡದವರಿಗಾಗಿ ಅಳುವುದೇ ಎಂಬುದು ಆ ಮೌನದೊಳಗಿನ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕು. 2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಮ್ಮ ಹಳ್ಳಿಹಳ್ಳಿಗಳಲ್ಲಿ ಜನ ಅತ್ತರು. 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಲಿಂಗೈಕ್ಯರಾದಾಗ, ಅವರ ಪ್ರವಚನಗಳನ್ನು ಮೊಬೈಲಿನಲ್ಲಿ ಮಾತ್ರ ಕೇಳಿದ್ದ ಎಷ್ಟೋ ತಾಯಂದಿರು ಮನೆಯ ಹಿರಿಯರನ್ನು ಕಳೆದುಕೊಂಡಂತೆ ದುಃಖಿಸಿದರು. ನೀವು ಅವರನ್ನು ಎದುರಿಗೆ ಕಂಡಿದ್ದಿರೇನು ಎಂದು ಆಗ ಯಾರೂ ಕೇಳಲಿಲ್ಲ. ಕೇಳಿದ್ದರೆ ಅದು ಒರಟುತನವಾಗುತ್ತಿತ್ತು. ಅಂದರೆ ಕಾಣದವರಿಗಾಗಿ ಅಳುವುದು ನಮ್ಮಲ್ಲಿ ಹೊಸದೂ ಅಲ್ಲ, ನಗೆಗೀಡಾದುದೂ ಅಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಟನಿಗೂ ಅಭಿಮಾನಿಗೂ ಇರುವುದು ಒಂದು ಕಡೆಯಿಂದ ಹರಿಯುವ ಪ್ರೀತಿ. ಅಭಿಮಾನಿಯ ಹೆಸರು ನಟನಿಗೆ ಗೊತ್ತಿರುವುದಿಲ್ಲ. ಆದರೆ ಒಂದೇ ಹಾಡನ್ನು, ಒಂದೇ ಆಟವನ್ನು, ಒಬ್ಬನೇ ಕಲಾವಿದನನ್ನು ಮೆಚ್ಚಿದ ಇಬ್ಬರ ನಡುವೆ ಹುಟ್ಟುವ ಪ್ರೀತಿ ಎರಡು ಕಡೆಯಿಂದಲೂ ಹರಿಯುತ್ತದೆ. ಅವರು ನಮ್ಮನ್ನು ಕೇಳಿದ್ದಾರೆ, ನಾವು ಅವರನ್ನು ಕೇಳಿದ್ದೇವೆ. ನಮ್ಮ ಕಡೆ ಮಳೆಯಾಯಿತೇ ಎಂಬುದು ಅವರಿಗೆ ಬೇಕಾಗಿತ್ತು. ಒಂದು ಕಡೆಯ ಪ್ರೀತಿಗೆ ಕಣ್ಣೀರಿನ ಮಾನ್ಯತೆ ಕೊಟ್ಟ ಸಮಾಜ ಎರಡು ಕಡೆಯ ಪ್ರೀತಿಗೆ ಅದನ್ನು ಕೊಡದಿರುವುದು ನ್ಯಾಯವೇ?

ಮುಖ ಕಾಣದ ಸ್ನೇಹಕ್ಕೆ ನಮ್ಮ ದಕ್ಷಿಣ ದೇಶದಲ್ಲಿಯೇ ಪುರಾತನ ಸಾಕ್ಷಿಯಿದೆ. ತಮಿಳಿನ ಸಂಗಂ ಕಾಲದ ‘ಪುರನಾನೂರು’ ಎಂಬ ಸಂಕಲನದಲ್ಲಿ ಕೋಪ್ಪೆರುಂಚೋಳನೆಂಬ ರಾಜನ ಮತ್ತು ಪಿಸಿರಾಂದೈಯಾರ್ ಎಂಬ ಕವಿಯ ಪ್ರಸಂಗ ಬರುತ್ತದೆ. ರಾಜ ಚೋಳದೇಶದವನು, ಕವಿ ಪಾಂಡ್ಯದೇಶದವನು. ಒಬ್ಬರನ್ನೊಬ್ಬರು ಕಂಡವರಲ್ಲ, ಕೇಳಿದ ಮಾತಿನಿಂದಲೇ ಆಪ್ತರಾದವರು. ರಾಜನು ಉತ್ತರಾಭಿಮುಖನಾಗಿ ಕುಳಿತು ಉಪವಾಸದಿಂದ ದೇಹ ಬಿಡುವ ವ್ರತ ಹಿಡಿದಾಗ, ನನ್ನ ಗೆಳೆಯ ಬಂದೇ ಬರುತ್ತಾನೆ, ಪಕ್ಕದಲ್ಲಿ ಅವನಿಗೊಂದು ಸ್ಥಳವಿರಲಿ ಎಂದನಂತೆ. ಕವಿ ಬಂದನು, ಗೆಳೆಯನ ದಾರಿಯನ್ನೇ ಹಿಡಿದನು. ದೇಹತ್ಯಾಗದ ಆ ಕಾಲದ ಪದ್ಧತಿ ನಮಗೆ ಬೇಕಾಗಿಲ್ಲ. ಕಾಣದ ಗೆಳೆಯನಿಗೂ ಪಕ್ಕದಲ್ಲಿ ಒಂದು ಸ್ಥಳ ಕಾಯ್ದಿರಿಸಬೇಕೆಂಬ ಭಾವವಷ್ಟೇ ನಮಗೆ ಬೇಕಾದುದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ವಚನಕಾರರನ್ನು ನಾವು ಬಲ್ಲುದು ಅಂಕಿತದಿಂದ. 1993ರಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳಲ್ಲಿ, ಅಂಕಿತ ಮಾತ್ರ ಉಳಿದು ಹೆಸರು ಅಳಿದುಹೋದ ವಚನಕಾರರೂ ಇದ್ದಾರೆ. ಅವರ ಊರು, ಮನೆತನ, ಮುಖ ಯಾವುದೂ ನಮಗೆ ತಿಳಿಯದು. ಆದರೂ ಅವರನ್ನು ಪರಕೀಯರೆಂದು ಯಾರೂ ಎನ್ನುವುದಿಲ್ಲ. ನಮ್ಮ ಜಿಲ್ಲೆಯಲ್ಲಿಯೇ ರಾವಬಹಾದ್ದೂರ್ ಫ. ಗು. ಹಳಕಟ್ಟಿಯವರು 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಕಟ್ಟಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಂಚೆಯ ಮೂಲಕ ಅದನ್ನು ತರಿಸಿಕೊಂಡವರಲ್ಲಿ ಎಷ್ಟು ಜನ ವಿಜಯಪುರವನ್ನು ಕಂಡಿದ್ದಾರು? ಎಷ್ಟು ಚಂದಾದಾರರು ಒಬ್ಬರನ್ನೊಬ್ಬರು ಕಂಡಿದ್ದಾರು? ಒಂದೇ ವಸ್ತುವಿನ ಪ್ರೀತಿ ಅವರನ್ನು ಒಂದು ಬಳಗವಾಗಿ ಮಾಡಿತ್ತು. ಈ ಪತ್ರಿಕೆಯ ವಾಚಕರಾದ ನಾವೂ ನೀವೂ ಅಂಥದೇ ಬಳಗದವರು ತಾನೆ? ಪತ್ರ ಬರೆಯುವ ವಾಚಕರ ಹೆಸರು ಎರಡು ತಿಂಗಳು ಕಾಣದಿದ್ದರೆ, ಯಾಕೋ ಅವರ ಪತ್ರ ಬಂದಿಲ್ಲವಲ್ಲ ಎಂದು ನಿಮ್ಮಲ್ಲಿ ಹಲವರಿಗೆ ಅನಿಸಿರಬೇಕು.

ಬಾನುಲಿಯ ಕಾಲವೂ ಹಾಗೆಯೇ. 1952ರಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಆರಂಭವಾಯಿತು. 1957ರಲ್ಲಿ ವಿವಿಧ ಭಾರತಿ ಬಂದಿತು. ಮೆಚ್ಚಿನ ಹಾಡನ್ನು ಕೋರಿ ಕಾರ್ಡು ಬರೆಯುವುದರಲ್ಲಿ ಇಂದಿನ ಝಾರಖಂಡದ ಝುಮ್ರಿ ತಲೈಯಾ ಎಂಬ ಸಣ್ಣ ಊರು ದೇಶಕ್ಕೆಲ್ಲ ಹೆಸರಾಯಿತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಕೇಳುತ್ತ ಬೆಳೆದ ನಮ್ಮ ಕಡೆಯ ಹಿರಿಯರಿಗೂ, ಹಾಡು ಕೋರಿದವರ ಊರು ಹೆಸರುಗಳನ್ನು ಓದುವಾಗ ಕಿವಿ ನೆಟ್ಟಗಾಗುತ್ತಿದ್ದುದು ನೆನಪಿದ್ದೀತು. ಮೊಬೈಲು ತಂದ ಹೊಸತನವಿಷ್ಟೇ: ಹೆಸರು ಕೇಳಿದವರು ಆ ಹೆಸರಿನವರೊಡನೆ ಈಗ ಮಾತನಾಡಲೂಬಹುದು.

ಹೊರದೇಶದ ಒಂದು ನಿಜಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ತರುಣ 1989ರಲ್ಲಿ ಹುಟ್ಟಿದವನು. ಡುಶೆನ್ ಎಂಬ ಹೆಸರಿನ, ಸ್ನಾಯುಗಳನ್ನು ವರ್ಷದಿಂದ ವರ್ಷಕ್ಕೆ ಕುಂದಿಸುವ ವಂಶಗತ ರೋಗ ಅವನಿಗಿತ್ತು. ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು, ಅಲುಗುತ್ತಿದ್ದ ಬೆರಳುಗಳಿಂದ ಗಣಕಯಂತ್ರದ ಮೇಲೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟವನ್ನು ಆಡುತ್ತಿದ್ದನು. ಅಲ್ಲಿ ಅವನ ಹೆಸರು ಇಬೆಲಿನ್. ಹಲವು ದೇಶಗಳ ಆಟಗಾರರ ‘ಸ್ಟಾರ್‌ಲೈಟ್’ ಎಂಬ ಬಳಗದಲ್ಲಿ ಅವನೂ ಒಬ್ಬ. ತನ್ನ ಕಾಯಿಲೆಯನ್ನು ಬಹುಕಾಲ ಅವರಿಗೆ ತಿಳಿಸಿರಲಿಲ್ಲ. 2014ರ ನವೆಂಬರಿನಲ್ಲಿ, 25ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಗೆಳೆತನವೆಂದರೇನೆಂದು ಕಾಣದೆಯೇ ಮಗ ಹೋದನೆಂದು ತಂದೆತಾಯಿಗಳು ದುಃಖಿಸಿದರು. ಮಗ ಅಂತರಜಾಲದಲ್ಲಿ ಬರೆಯುತ್ತಿದ್ದ ಪುಟಕ್ಕೆ ಹೋಗುವ ಗುಪ್ತಪದ ತಂದೆಯ ಬಳಿಯಿತ್ತು. ಅಲ್ಲಿ ಅವರು ಸಾವಿನ ಸುದ್ದಿಯನ್ನು ಬರೆದು ತಮ್ಮ ವಿಳಾಸವನ್ನು ಕೊಟ್ಟರು. ಉತ್ತರಗಳು ಬರತೊಡಗಿದವು; ಒಂದಲ್ಲ, ಎರಡಲ್ಲ, ಸಾಲುಸಾಲಾಗಿ. ನನ್ನ ಕಷ್ಟಕಾಲದಲ್ಲಿ ನಿಮ್ಮ ಮಗ ನನ್ನ ಮಾತು ಕೇಳಿದನೆಂದು ಒಬ್ಬರು, ನನಗೂ ನನ್ನ ಮನೆಯವರಿಗೂ ನಡುವೆ ಇದ್ದ ಗೋಡೆಯನ್ನು ದಾಟಲು ದಾರಿ ತೋರಿದನೆಂದು ಇನ್ನೊಬ್ಬರು. ಯುರೋಪಿನ ಬೇರೆಬೇರೆ ದೇಶಗಳಿಂದ ಆ ಬಳಗದ ಕೆಲವರು ಅಂತ್ಯಕ್ರಿಯೆಗೆ ಬಂದರು. ಮಾಟ್ಸನ ಮುಖವನ್ನು ಎಂದೂ ಕಾಣದವರು ಅವನ ಶವಪೆಟ್ಟಿಗೆಯ ಎದುರು ನಿಂತರು. ಬೆಂಜಮಿನ್ ರೀ ಎಂಬ ನಿರ್ದೇಶಕರು ಈ ಸಂಗತಿಯನ್ನು ಸಾಕ್ಷ್ಯಚಿತ್ರವಾಗಿ ಮಾಡಿದ್ದಾರೆ. 2024ರಲ್ಲಿ ಅದು ಲೋಕದೆಲ್ಲೆಡೆಯ ಜನರನ್ನು ತಲುಪಿತು.

ಈ ಕಥೆಯಲ್ಲಿ ಆ ತಂದೆ ಮಾಡಿದ ಕೆಲಸದತ್ತ ನಮ್ಮ ಲಕ್ಷ್ಯ ಹೋಗಬೇಕು. ಅವರು ತಿಳಿಸಿದರು. ಅಷ್ಟೇ. ಮಗನ ಗೆಳೆಯರು ಯಾರು, ಎಂಥವರು, ಇದ್ದಾರೋ ಇಲ್ಲವೋ ಎಂಬುದು ಗೊತ್ತಿಲ್ಲದೆಯೇ ತಿಳಿಸಿದರು. ಅವರು ತಿಳಿಸದೆ ಹೋಗಿದ್ದರೆ ಎರಡು ಅನ್ಯಾಯಗಳಾಗುತ್ತಿದ್ದವು. ಗೆಳೆಯರು ಕಾರಣವರಿಯದ ಮೌನದೊಂದಿಗೆ ಉಳಿಯುತ್ತಿದ್ದರು. ಹೆತ್ತವರು ಮಗನ ಅರ್ಧ ಬಾಳನ್ನು ಅರಿಯದೆಯೇ ಉಳಿಯುತ್ತಿದ್ದರು. ನಮ್ಮ ಇಂಡಿಯ ಹಿರಿಯರ ಮಗಳಿಗೆ ದೊರೆತದ್ದೂ ಇದೇ ಸಮಾಧಾನ. ಅದು ಆಕೆಗೆ ದೊರೆತದ್ದು ಬ್ಯಾಂಕಿನ ಕೆಲಸವೊಂದು ಬಂದುದರಿಂದ. ಅಂಥ ಆಕಸ್ಮಿಕಕ್ಕೆ ಈ ವಿಷಯವನ್ನು ಬಿಡಬಾರದೆಂಬುದೇ ನನ್ನ ಮಾತಿನ ಸಾರ.

ಯಾಕೆಂದರೆ ಕಾಲ ಬಹಳವಿರುವುದಿಲ್ಲ. ಮೃತರ ಮೊಬೈಲು ಸಂಖ್ಯೆಗೆ ಹಣ ತುಂಬದೆ ಬಿಟ್ಟರೆ ಅದು ಕಡಿದುಹೋಗುತ್ತದೆ. ಕಡಿದ ಸಂಖ್ಯೆಯನ್ನು 90 ದಿನಗಳ ಬಳಿಕ ಬೇರೊಬ್ಬರಿಗೆ ಕೊಡಬಹುದೆಂಬುದು ನಮ್ಮ ದೇಶದ ಕ್ರಮ. ವಾಟ್ಸಾಪಿನ ಖಾತೆ ಸಾಮಾನ್ಯವಾಗಿ 120 ದಿನ ಬಳಕೆಯಿಲ್ಲದಿದ್ದರೆ ಅಳಿಸಿಹೋಗುತ್ತದೆ. ಹೀಗೆ ನಾಲ್ಕೈದು ತಿಂಗಳೊಳಗೆ ಒಂದು ಬಾಳಿನ ಗೆಳೆತನಗಳ ದಾರಿ ಮುಚ್ಚಿಹೋಗಬಹುದು. ಗೆಳೆಯನೆಂದು ಬರೆದ ಕಾಗದ ಅಪರಿಚಿತನ ಕೈಸೇರಬಹುದು. ಹಿಂದಿನ ಕಾಲದಲ್ಲಿ ಸಾವಿನ ಸುದ್ದಿಯ ಕಾರ್ಡು ಬರೆಯಲು ಮನೆಯಲ್ಲಿ ಒಬ್ಬರು ಕೂಡುತ್ತಿದ್ದರು. ಮೃತರ ಪೆಟ್ಟಿಗೆಯಲ್ಲಿದ್ದ ಹಳೆಯ ಪತ್ರಗಳನ್ನು ತೆಗೆದು, ಒಂದೊಂದು ವಿಳಾಸಕ್ಕೂ ಎರಡು ಸಾಲು ಬರೆದು ಅಂಚೆಗೆ ಹಾಕುತ್ತಿದ್ದರು. ಇಂದು ಆ ಪೆಟ್ಟಿಗೆ ಮೊಬೈಲಿನೊಳಗಿದೆ, ಅದಕ್ಕೆ ಬೀಗವಿದೆ, ಬೀಗದ ಕೈ ಹೋದವರೊಂದಿಗೆ ಹೋಗಿರುತ್ತದೆ.

ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ ಎಂಬುವರು 1989ರಲ್ಲಿ ಒಂದು ವಿಚಾರವನ್ನು ಗ್ರಂಥರೂಪದಲ್ಲಿ ಮುಂದಿಟ್ಟರು. ಸಮಾಜವು ಮಾನ್ಯ ಮಾಡದ ದುಃಖವೆಂಬುದೊಂದು ಇದೆ; ಬಹಿರಂಗವಾಗಿ ಅಳಲು, ಸಾಂತ್ವನ ಪಡೆಯಲು, ವಿಧಿಗಳಲ್ಲಿ ಪಾಲುಗೊಳ್ಳಲು ಅವಕಾಶವಿಲ್ಲದ್ದರಿಂದ ಅದು ಇನ್ನಷ್ಟು ಭಾರವಾಗುತ್ತದೆ ಎಂಬುದು ಅದರ ತಾತ್ಪರ್ಯ. ನಮ್ಮ ಮನೆಯ ಹುಡುಗನೊಬ್ಬ ಊಟ ಬಿಟ್ಟು ಮೂಲೆ ಹಿಡಿದು ಕುಳಿತರೆ, ಮೊಬೈಲಿನ ಗೆಳೆಯ ಹೋದನೆಂದು ಇಷ್ಟು ಮಾಡುವುದೇ ಎಂದು ಗದರುವ ಮುನ್ನ ಈ ಮಾತನ್ನು ನೆನೆಯಬೇಕು. ಅವನಿಗೆ ಹೋಗಿ ಕೂಡಲು ಸಾವಿನ ಮನೆಯಿಲ್ಲ, ಹೆಗಲು ಕೊಡಲು ಶವವಿಲ್ಲ, ಮಣ್ಣು ಹಾಕಲು ಗದ್ದುಗೆಯಿಲ್ಲ. ನಮ್ಮ ತಾಲ್ಲೂಕುಗಳಿಂದ ದುಡಿಮೆಗೆಂದು ಗೋವಾ, ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಹೋದ ಮಕ್ಕಳಿಗೆ, ಮನೆಯಿಂದ ಹೊರಗೆ ಹೋಗಲಾರದ ರೋಗಿಗಳಿಗೆ, ಮಾತನಾಡಲು ಜೊತೆಯಿಲ್ಲದ ವೃದ್ಧರಿಗೆ, ಬಳಗದ ಗೆಳೆಯನೇ ಕೆಲವೊಮ್ಮೆ ದಿನದ ಏಕೈಕ ಗೆಳೆಯನಾಗಿರುತ್ತಾನೆ. ದುಃಖ ಬಹುದಿನ ಇಳಿಯದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಮಾತು ಪೂರ್ಣವಾಗದು. ಮುಖ ಕಾಣದ ಎಡೆಯಲ್ಲಿ ಮೋಸಕ್ಕೂ ಸ್ಥಳವಿದೆ. ಸ್ನೇಹದ ಹೆಸರಿನಲ್ಲಿ ಹಣ ಕೇಳುವವರು, ಭಾವಚಿತ್ರ ಕೇಳುವವರು, ಮನೆಯವರಿಗೆ ಹೇಳಬೇಡವೆನ್ನುವವರು ಗೆಳೆಯರಲ್ಲ. ಸತ್ತವರ ಹೆಸರಿನಲ್ಲಿಯೇ ಸಹಾಯಧನ ಬೇಡುವ ಕಳ್ಳರೂ ಇದ್ದಾರೆ. ಅಂಥ ಸಂದೇಶ ಬಂದರೆ ಬಳಗದ ಇನ್ನಿಬ್ಬರೊಡನೆ ಮಾತನಾಡಿ ಖಚಿತ ಮಾಡಿಕೊಳ್ಳಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು. ನಿಜವಾದ ಗೆಳೆತನವನ್ನು ಗುರುತಿಸುವ ಒರೆಗಲ್ಲು ಎದುರಿಗೆ ಕಂಡ ಗೆಳೆಯನಿಗೆ ಯಾವುದೋ ಕಾಣದ ಗೆಳೆಯನಿಗೂ ಅದೇ: ವರ್ಷಗಳು ಕಳೆದರೂ ಅವನು ನಮ್ಮಿಂದ ಏನನ್ನು ಕೇಳಿದ, ನಮಗೆ ಏನನ್ನು ಕೊಟ್ಟ ಎಂಬುದು.

ಹಾಗಾದರೆ ಗೃಹಸ್ಥರಾದ ನಾವು ಮಾಡಬೇಕಾದುದೇನು? ಮೂರು ಸಣ್ಣ ಕೆಲಸಗಳು. ಮೊದಲನೆಯದು, ಬದುಕಿರುವಾಗ ಮಾಡಬೇಕಾದುದು. ಬ್ಯಾಂಕಿನ ಪುಸ್ತಕ, ಹೊಲದ ಉತಾರೆ, ವಿಮೆಯ ಕಾಗದ ಇಟ್ಟ ಜಾಗದಲ್ಲಿಯೇ ಒಂದು ಹಾಳೆ ಇಡಿರಿ. ನೀವಿರುವ ಬಳಗಗಳಲ್ಲಿ ನಿಮಗೆ ಆಪ್ತವಾದವು ಯಾವುವು, ಅಲ್ಲಿ ನಿಮ್ಮನ್ನು ಯಾವ ಹೆಸರಿನಿಂದ ಬಲ್ಲರು, ಸುದ್ದಿ ತಿಳಿಸಬೇಕಾದ ಇಬ್ಬರು ಮೂವರ ಸಂಖ್ಯೆ ಯಾವುದು ಎಂದು ಬರೆದು, ಆ ಹಾಳೆ ಅಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ. ಬಳಗದಲ್ಲಿಯೂ ಒಬ್ಬ ಆಪ್ತರಿಗೆ ನಿಮ್ಮ ಮನೆಯವರ ಒಂದು ಸಂಖ್ಯೆಯನ್ನು ಕೊಟ್ಟಿರಿ.

ಎರಡನೆಯದು, ಸಾವಿನ ಬಳಿಕ ಮಾಡಬೇಕಾದುದು. ದುಃಖದ ಹನ್ನೊಂದು ದಿನಗಳಲ್ಲಿ ಇದಕ್ಕೆ ಅರ್ಧ ಗಂಟೆ ಸಾಕು. ಹೆಸರು, ಊರು, ತೀರಿಕೊಂಡ ದಿನ, ಬರೆಯುತ್ತಿರುವವರು ಯಾರು ಎಂಬ ನಾಲ್ಕು ಸಾಲು ಬಳಗಕ್ಕೆ ಬರೆಯಿರಿ. ಸಂಖ್ಯೆಯನ್ನು ಕೆಲವು ತಿಂಗಳಾದರೂ ಜೀವಂತವಾಗಿಡಿರಿ. ಉತ್ತರವಾಗಿ ಬಂದ ನೆನಪುಗಳನ್ನು ಅಳಿಸಬೇಡಿರಿ. ಮನೆಯ ಹಿರಿಯರಿಗೆ ಓದಿ ಹೇಳಿರಿ. ಗಣಾರಾಧನೆಯ ದಿನ ಊರವರು ಬಂದು ಮೃತರ ಗುಣಗಳನ್ನು ನೆನೆಯುವಾಗ ದೂರದವರ ಆ ಮಾತುಗಳನ್ನೂ ಓದಿದರೆ, ನಿಮಗೆ ತಿಳಿಯದ ತಂದೆ, ನಿಮಗೆ ತಿಳಿಯದ ಮಗಳು ಅಲ್ಲಿ ಕಂಡಾರು.

ಮೂರನೆಯದು, ಕಾಣದ ಗೆಳೆಯನನ್ನು ಕಳೆದುಕೊಂಡವರು ನಿಮ್ಮ ಮನೆಯಲ್ಲಿದ್ದರೆ ಮಾಡಬೇಕಾದುದು. ನೋಡಿದ್ದೆಯೇನು ಎಂದು ಕೇಳಬೇಡಿರಿ. ಎಂಥವರಿದ್ದರು ಎಂದು ಕೇಳಿರಿ. ಆ ಒಂದು ಪ್ರಶ್ನೆಗೆ ಅವರು ಒಂದು ತಾಸು ಉತ್ತರ ಹೇಳಿಯಾರು. ಮೃತರ ಮನೆಯವರಿಗೆ ಒಂದು ಪತ್ರ ಬರೆಯಲು ಹೇಳಿರಿ. ಆ ಪತ್ರದಲ್ಲಿ ಉಪಚಾರದ ಮಾತುಗಳು ಕಡಿಮೆಯಿದ್ದರೂ ಸರಿ, ಮೃತರು ಹೇಳಿದ ಒಂದು ಮಾತು, ಮಾಡಿದ ಒಂದು ಸಹಾಯ ಇರಲಿ. ಮನೆಯವರಿಗೆ ತಮ್ಮವರ ವಿಷಯವಾಗಿ ಗೊತ್ತಿಲ್ಲದಿದ್ದ ಒಂದು ಸಂಗತಿಯನ್ನು ತಿಳಿಸುವ ಪತ್ರಕ್ಕಿಂತ ಹೆಚ್ಚಿನ ಸಾಂತ್ವನವಿಲ್ಲ.

ಗೆಳೆತನ ಅಂಗಳದಲ್ಲಿ ಹುಟ್ಟಿತೋ ಅಂತರಜಾಲದಲ್ಲಿ ಹುಟ್ಟಿತೋ ಎಂದು ವಿಚಾರಿಸಿ ದುಃಖದ ತೂಕವನ್ನು ಗೊತ್ತುಮಾಡುವುದು ನಮಗೆ ತಕ್ಕುದಲ್ಲ. ಮುಖವರಿಯದ ಈ ಮೈತ್ರಿಗೂ ನಮ್ಮ ಮಾತಿನಲ್ಲಿ ಒಂದು ಹೆಸರು ಮುಂದೆ ಹುಟ್ಟೀತು. ಹೆಸರು ಬರುವವರೆಗೆ ಕರ್ತವ್ಯ ಕಾಯಬೇಕಾಗಿಲ್ಲ. ಈ ತಿಂಗಳು ಬಿಡುವಾದ ಒಂದು ಸಂಜೆ, ಆ ಹಾಳೆಯನ್ನು ಬರೆದಿಡುವ ಕೆಲಸ ನಿಮ್ಮ ಮನೆಯಲ್ಲಿ ಆಗಲೆಂದು ಕೋರುತ್ತೇನೆ.